ಅನಸೂಯಮ್ಮನ ಹಲಗೆಯ ರಾಜ-ರಾಣಿ

ಮದುವೆಯಾದ ಮಗಳಿಗೆ ತವರಿನವರು ಪಟ್ಟದ ಗೊಂಬೆಗಳನ್ನು ಕೊಟ್ಟು ಕಳಿಸುವುದು ಮೈಸೂರು ಕಡೆಯ ರೂಢಿ. ಒಂದು ರಾಜ, ಒಂದು ರಾಣಿ, ಎರಡೂ ಮರದವು. ನವರಾತ್ರಿ ಬಂತೆಂದರೆ ಅವಕ್ಕೆ ಹೊಸ ಬಟ್ಟೆ ಉಡಿಸಿ, ಮೆಟ್ಟಿಲುಗಳ ತುದಿಯಲ್ಲಿ ಕೂರಿಸಿ, ಒಂಬತ್ತು ದಿನ ಆರತಿ ಎತ್ತಿ, ವಿಜಯದಶಮಿಯ ದಿನ ಮಲಗಿಸಬೇಕು. ಜೋಡಿಯನ್ನು ಎಂದಿಗೂ ಅಗಲಿಸಬಾರದು.

ಅನಸೂಯಮ್ಮನಿಗೂ ಅವರ ತಾಯಿ ಅಂಥ ಒಂದು ಜೊತೆ ಕೊಟ್ಟಿದ್ದರು. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಗಂಡ ಸುಬ್ಬುವಿನ ಜೊತೆ ಅವರು ನ್ಯೂಜೆರ್ಸಿಗೆ ಬಂದಿಳಿದಾಗ ಬಟ್ಟೆಯ ಸೂಟ್‌ಕೇಸು ಬಂತು, ಉಪ್ಪಿನಕಾಯಿಯ ಡಬ್ಬಿಯೂ ಒಂದು ಹನಿ ಸೋರದೆ ಬಂತು. ಗೊಂಬೆಗಳಿದ್ದ ಪೆಟ್ಟಿಗೆ ಮಾತ್ರ ಬರಲಿಲ್ಲ. ಎರಡು ತಿಂಗಳ ಮೇಲೆ ವಿಮಾನದ ಕಂಪನಿಯವರಿಂದ ಕ್ಷಮೆ ಕೋರುವ ಒಂದು ಕಾಗದ ಬಂತು. ಅನಸೂಯಮ್ಮ ಆ ವರ್ಷದ ನವರಾತ್ರಿಯಲ್ಲಿ ಖಾಲಿ ಮಣೆಗೆ ರಂಗೋಲಿ ಹಾಕಿ ಕಣ್ಣೊರೆಸಿಕೊಂಡರು.

ಮರುವರ್ಷ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಒಬ್ಬ ಮುದುಕಿ ಮನೆ ಖಾಲಿ ಮಾಡಿ ಫ್ಲಾರಿಡಾಕ್ಕೆ ಹೊರಟಿದ್ದಳು. ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಿದ್ದಳು. ದಂಪತಿಗಳು ದೀಪದ ಕಂಬವೊಂದನ್ನು ಕೊಳ್ಳಲು ಹೋದರು. ಅದರ ಹಿಂದೆ ಎರಡು ಮರದ ಹಲಗೆಗಳು ಒರಗಿದ್ದವು. ಒಂದೊಂದೂ ಒಂದೂವರೆ ಅಡಿ ಎತ್ತರ. ಹಲಗೆಯ ಮೇಲೆಯೇ ಬಣ್ಣದ ಚಿತ್ರ. ಒಂದರಲ್ಲಿ ಅಗಲ ಮುಖದ, ಸಣ್ಣ ಕಣ್ಣಿನ, ಮೀಸೆಯಿಲ್ಲದ ರಾಜ. ತಲೆಗೆ ಚಪ್ಪಟೆಯ ಕರಿಯ ಟೋಪಿ, ಹೆಗಲ ತುಂಬ ತುಪ್ಪಳ, ಬೆರಳಿಗೆ ಉಂಗುರ ತೊಡುತ್ತಿರುವಂತೆ ಕೈ. ಇನ್ನೊಂದರಲ್ಲಿ ರಾಣಿ, ಹೆಂಚಿನ ಮನೆಯ ಮಾಡಿನಂತೆ ಎರಡೂ ಕಡೆ ಇಳಿದ ತಲೆಯುಡುಗೆ, ಎದೆಯ ಮೇಲೆ ಮುತ್ತು, ಒಂದರ ಮೇಲೊಂದು ಇಟ್ಟ ಕೈಗಳು. ಇಬ್ಬರ ಹಿಂದೆಯೂ ಒಂದೇ ಹಸಿರು ಪರದೆ. ಪಕ್ಕಪಕ್ಕದಲ್ಲಿಟ್ಟರೆ ಒಬ್ಬರ ಕಡೆಗೊಬ್ಬರು ತಿರುಗಿದ್ದಾರೆ.

"ರಾಜ ರಾಣಿ ತಾನೇ ಬೇಕಿದ್ದು ನಿಂಗೆ? ಇವರೇ ಆಗಲಿ ಬಿಡು. ಇಸ್ಪೀಟಿನ ಕಟ್ಟಿಂದ ಎದ್ದು ಬಂದ ಹಾಗಿದಾರೆ," ಎಂದರು ಸುಬ್ಬು.

ಮುದುಕಿ ನಕ್ಕಳು. ಅವು ಹಳೆಯ ಇಂಗ್ಲಿಷ್ ಚಿತ್ರಗಳ ನಕಲುಗಳಂತೆ. ಅವಳ ಅಜ್ಜಿ ಇಂಗ್ಲೆಂಡಿನಿಂದ ಬರುವಾಗ ತಂದದ್ದಂತೆ. ಯಾವ ರಾಜನೋ ತನಗೆ ನೆನಪಿಲ್ಲವಂತೆ. ದೀಪದ ಕಂಬದ ಜೊತೆಗೆ ಹಾಗೇ ಕೊಟ್ಟುಬಿಟ್ಟಳು. ಒಂದೇ ಒಂದು ಮಾತು ಹೇಳಿದಳು: ಇವು ಜೋಡಿ, ಬೇರೆ ಮಾಡಬೇಡಿ. ಅನಸೂಯಮ್ಮನಿಗೆ ಅದು ತಾಯಿಯೇ ಆಡಿದ ಮಾತಿನಂತೆ ಕೇಳಿಸಿತು.

ಅನಸೂಯಮ್ಮ ಓದಿದ್ದು ಪಿಯುಸಿಯವರೆಗೆ, ಬಲ್ಲದ್ದು ಹೊಲಿಗೆ. ಇಪ್ಪತ್ತೆರಡು ವರ್ಷ ಒಂದು ಡ್ರೈ ಕ್ಲೀನಿಂಗ್ ಅಂಗಡಿಯ ಹಿಂಭಾಗದಲ್ಲಿ ಕುಳಿತು ಅಮೆರಿಕದವರ ಪ್ಯಾಂಟುಗಳ ಅಂಚು ಮಡಿಚಿದರು, ಕೋಟುಗಳ ಸೊಂಟ ಸಡಿಲಿಸಿದರು. ಮನೆಗೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳ ರವಿಕೆಗಳು. ಅಂಥ ಕೈಗೆ ರಾಜ-ರಾಣಿ ಸಿಕ್ಕರೆ ಬಿಡುತ್ತದೆಯೇ? ರಾಜನ ಕರಿಯ ಟೋಪಿ ಅವರಿಗೆ ಸರಿಬರಲಿಲ್ಲ; ಅದರ ಮೇಲೆ ಕೂರುವಂತೆ ಝರಿಯ ಮೈಸೂರು ಪೇಟವನ್ನು ಹೊಲಿದರು. ಕೊರಳಿನಿಂದ ಕೆಳಗೆ ರೇಷ್ಮೆಯ ಶಲ್ಯ. ರಾಣಿಗೆ ಪ್ರತಿ ವರ್ಷ ಹೊಸ ಅಂಚಿನ ಸೀರೆ, ಮಲ್ಲಿಗೆಯ ದಂಡೆ, ಕುಂಕುಮ. ಇಷ್ಟಾದ ಮೇಲೆ ಆ ಹಲಗೆಗಳಲ್ಲಿ ಇಂಗ್ಲೆಂಡು ಕಾಣುತ್ತಿದ್ದುದು ನಾಲ್ಕು ಕಣ್ಣುಗಳಲ್ಲಿ ಮಾತ್ರ. ನೋಡಲು ಬರುತ್ತಿದ್ದವರೆಲ್ಲ ನಮ್ಮವರೇ. ಅವರು ಮೊದಲು ಸೀರೆಯನ್ನು ನೋಡುತ್ತಿದ್ದರು, ಆಮೇಲೆ ಕೋಸಂಬರಿಯನ್ನು.

ಮೂವತ್ತೈದು ವರ್ಷಗಳಲ್ಲಿ ಅದಕ್ಕೊಂದು ಹೆಸರೂ ಬಂತು. ಅನಸೂಯಾ ಆಂಟಿಯ ರಾಜ-ರಾಣಿಗೆ ನಮಸ್ಕಾರ ಮಾಡಿದ ಜೋಡಿ ಒಡೆಯುವುದಿಲ್ಲ ಎಂದು ಜನ ಹೇಳತೊಡಗಿದರು. ಹೊಸದಾಗಿ ಮದುವೆಯಾದವರು ಹೋಬೋಕನ್‌ನಿಂದಲೂ ಫೋರ್ಟ್ ಲೀಯಿಂದಲೂ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಅವರನ್ನು ಮಣೆಯ ಮೇಲೆ ಕೂರಿಸಿ, ಆರತಿ ಬೆಳಗಿ, "ಇವರ ಹಾಗೆ ಜೋಡಿಯಾಗಿ ಬಾಳಿ," ಎಂದು ಅನಸೂಯಮ್ಮ ಅಕ್ಷತೆ ಹಾಕುತ್ತಿದ್ದರು.

ಹಾಗೆ ಮಣೆಯ ಮೇಲೆ ಕುಳಿತವರಲ್ಲಿ ಜಾನ್ವಿಯೂ ಒಬ್ಬಳು. ಹಾಸನದ ಹುಡುಗಿ, ಗಂಡ ನಕುಲ್‌ಗೆ ಮ್ಯಾನ್‌ಹ್ಯಾಟನ್‌ನಲ್ಲಿ ಕೆಲಸ, ಫೋರ್ಟ್ ಲೀಯ ಎತ್ತರದ ಕಟ್ಟಡವೊಂದರಲ್ಲಿ ಮನೆ. ಮೊದಲ ವರ್ಷ ನಗುನಗುತ್ತ ಬಂದಳು. ಎರಡನೆಯ ವರ್ಷ ರವಿಕೆ ಬಿಗಿ ಮಾಡಿಸಲು ಬಂದಳು. ಮೂರನೆಯ ವರ್ಷ, ಎಂದರೆ ಕಳೆದ ನವರಾತ್ರಿಯಲ್ಲಿ, ಆಯುಧಪೂಜೆಯ ಮಧ್ಯಾಹ್ನ ಒಬ್ಬಳೇ ಎರಡು ಬಸ್ಸು ಬದಲಿಸಿ ಬಂದಳು. ಕೈಯಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ.

"ಅಮ್ಮನ ಹತ್ರ ಮಾತಾಡಕ್ಕೆ ಬಿಡಲ್ಲ ಆಂಟಿ," ಎಂದಳು. "ನನ್ನ ಫೋನ್ ಅವರೇ ಇಟ್ಕೋತಾರೆ. ಅಮ್ಮ ನಿನ್ನ ತಲೆ ಕೆಡಿಸ್ತಾರೆ ಅಂತಾರೆ."

ಅನಸೂಯಮ್ಮ ಅವಳ ಬೆನ್ನು ಸವರಿದರು. ಹೊಸದರಲ್ಲಿ ಎಲ್ಲ ಗಂಡಸರೂ ಹಾಗೇ ಎಂದರು. ಆಮೇಲೆ ಮೆಟ್ಟಿಲ ತುದಿಯನ್ನು ತೋರಿಸಿದರು. "ಅವರನ್ನ ನೋಡು. ಎಷ್ಟು ವರ್ಷ ಆಯ್ತೋ ಏನೋ, ಒಂದ್ಸಲ ಮುಖ ತಿರುಗಿಸಿಲ್ಲ. ರಾಣಿ ಕೈ ನೋಡು, ಎಷ್ಟು ತಾಳ್ಮೆಯಿಂದ ಇಟ್ಕೊಂಡಿದಾಳೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ."

ಜಾನ್ವಿ ರಾಣಿಯ ಕೈಯನ್ನು ಬಹಳ ಹೊತ್ತು ನೋಡಿದಳು. ಅನಸೂಯಮ್ಮ ಹಣೆಗೆ ಕುಂಕುಮವಿಟ್ಟು, ಎಲೆ, ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣವನ್ನು ಅವಳ ಚೀಲದ ಮೇಲ್ಭಾಗದಲ್ಲಿ ತುರುಕಿದರು. ಸುಬ್ಬು ಕಾರಿನಲ್ಲಿ ಅವಳನ್ನು ಫೋರ್ಟ್ ಲೀಗೆ ಬಿಟ್ಟು ಬಂದರು.

ಇದು ಕಳೆದ ವರ್ಷದ ಮಾತು.

ಈ ವರ್ಷ ನವರಾತ್ರಿಯ ಐದನೆಯ ದಿನ, ಶುಕ್ರವಾರ, ಮಗಳ ಮಗಳು ಆರಾಧ್ಯಾ ಶಾಲೆ ಮುಗಿಸಿ ಅಜ್ಜಿಯ ಮನೆಗೆ ಬಂದಳು. ಹದಿನಾಲ್ಕು ವರ್ಷದ ಹುಡುಗಿ. ಹಬ್ಬದ ಹಿಂದಿನ ದಿನ ಪೆಟ್ಟಿಗೆ ಬಿಚ್ಚಿ ಹಲಗೆಗಳ ದೂಳು ಒರೆಸಿಕೊಟ್ಟವಳು ಅವಳೇ. ಪೇಟ, ಸೀರೆಗಳಿಲ್ಲದ ರಾಜ-ರಾಣಿಯನ್ನು ಈ ಮನೆಯಲ್ಲಿ ಹತ್ತಿರದಿಂದ ಕಂಡ ಮೂರನೆಯ ವ್ಯಕ್ತಿ ಎಂದರೂ ಸರಿಯೇ. ಅನಸೂಯಮ್ಮ ಪೇಟದ ಬಿಚ್ಚಿದ ಝರಿಯಂಚನ್ನು ಹೊಲಿಯುತ್ತಿದ್ದರು.

"ಅಜ್ಜಿ, ಐ ಸಾ ಯುವರ್ ಗೊಂಬೆ ಟುಡೇ."

"ಏನು ನೋಡಿದೆ?"

"ಯುವರ್ ಗೊಂಬೆ. ಇನ್ ದ ಮ್ಯೂಸಿಯಂ."

ಶಾಲೆಯವರು ಮಕ್ಕಳನ್ನು ಮ್ಯಾನ್‌ಹ್ಯಾಟನ್‌ನ ಒಂದು ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದರು. ಹುಡುಗಿ ಫೋನನ್ನು ಅಜ್ಜಿಯ ಮುಂದೆ ಹಿಡಿದಳು. ಗಾಜಿನ ಹಿಂದೆ ಎರಡು ಹಲಗೆಗಳು. ಹಸಿರು ಪರದೆ, ಕರಿಯ ಟೋಪಿ, ಮಾಡಿನಂಥ ತಲೆಯುಡುಗೆ. ಮುಖಗಳು ಇನ್ನೂ ನಯ, ಬಣ್ಣ ಇನ್ನೂ ಆಳ. ಅನಸೂಯಮ್ಮ ಕನ್ನಡಕ ಸರಿಮಾಡಿಕೊಂಡು ರಾಣಿಯ ತೋಳನ್ನು ಹಿಗ್ಗಿಸಿ ನೋಡಿದರು. ತೋಳಿನ ಸೀಳಿನಿಂದ ಒಳಗಿನ ಬಿಳಿಯ ಬಟ್ಟೆ ಇಣುಕುವ ಬಗೆ, ನೆರಿಗೆ ಕೂರುವ ಬಗೆ, ಎಲ್ಲ ಅದೇ. ಮುಖ ನೋಡಿ ಮೋಸ ಹೋದರೂ ಹೋದಾರು, ಹೊಲಿಗೆಯಲ್ಲಿ ಅವರು ಮೋಸ ಹೋಗುವವರಲ್ಲ.

"ಅಯ್ಯೋ ನಮ್ಮ ರಾಣಿಯಮ್ಮ. ಇವರನ್ನ ಅಲ್ಲೂ ಇಟ್ಟಿದಾರಾ?" ಅವರ ಮುಖ ಅರಳಿತು. "ಹೆಸರೇನಂತೆ?"

"ಹೆನ್ರಿ ದಿ ಎಯ್ತ್, ಅಜ್ಜಿ. ದ ಬ್ಯಾಡ್ ಒನ್."

ಸೋಫಾದಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಸುಬ್ಬು ಎದ್ದು ಕುಳಿತರು. "ಎಂಟನೇ ಹೆನ್ರಿನಾ? ಆರು ಹೆಂಡಿರವನಾ?"

ಸೂಜಿ ಝರಿಯಲ್ಲಿ ಅರ್ಧ ಹೋಗಿ ನಿಂತಿತು. "ಆರು?"

"ಹೈಸ್ಕೂಲಲ್ಲಿ ಓದಿದ್ದೆ ಕಣೇ."

"ಮತ್ತೆ ಮೂವತ್ತೈದು ವರ್ಷ ಯಾಕ್ರೀ ಹೇಳ್ಲಿಲ್ಲ?"

"ಹೆಸರು ಓದಿದ್ದೆ, ಮುಖ ಯಾರು ಕಂಡಿದ್ರು? ಅದೂ ನೀನು ಪೇಟ ಬೇರೆ ತೊಡಿಸಿಬಿಟ್ಟಿದ್ದೆ."

ಹುಡುಗಿ ಇಂಗ್ಲಿಷಿನಲ್ಲಿಯೇ ಹೇಳುತ್ತ ಹೋದಳು. ಅನಸೂಯಮ್ಮನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎನಿಸುವಷ್ಟು ಅರ್ಥವಾಯಿತು. ಆರು ಹೆಂಡಿರಲ್ಲಿ ಇಬ್ಬರ ತಲೆ ತೆಗೆಸಿದನಂತೆ. ಈ ಚಿತ್ರದವಳು ಮೊದಲನೆಯವಳು, ಕ್ಯಾಥರೀನ್. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದವಳು. ಉಳಿದದ್ದು ಒಬ್ಬಳೇ ಮಗಳು. ಗಂಡುಮಗುವಿಲ್ಲವೆಂದು, ಇನ್ನೊಬ್ಬಳ ಮೇಲೆ ಮನಸ್ಸಾಯಿತೆಂದು, ಆ ರಾಜ ನಮ್ಮ ಮದುವೆ ಮದುವೆಯೇ ಅಲ್ಲ ಎಂದುಬಿಟ್ಟ. ಅವಳನ್ನು ಅರಮನೆಯಿಂದ ದೂರದ ಮನೆಗಳಿಗೆ ಅಟ್ಟಿದ. ಮಗಳ ಮುಖವನ್ನೂ ನೋಡಗೊಡಲಿಲ್ಲ. ಸಾಯುವಾಗಲೂ ಮಗಳು ಹತ್ತಿರ ಇರಲಿಲ್ಲ.

"ಮಗಳನ್ನ ಯಾಕೆ ಬಿಡ್ಲಿಲ್ಲ?" ಅನಸೂಯಮ್ಮ ಪೇಟವನ್ನು ಕೆಳಗಿಟ್ಟು ಕೇಳಿದರು.

"ಟು ಮೇಕ್ ಹರ್ ಗಿವ್ ಅಪ್, ಐ ಗೆಸ್."

"ಸೋತಳಾ?"

"ನೋ ಅಜ್ಜಿ. ಕೊನೇವರೆಗೂ ಐ ಆಮ್ ದ ಕ್ವೀನ್ ಅಂತಾನೇ ಹೇಳಿದ್ಲು."

ಅನಸೂಯಮ್ಮ ಮೆಟ್ಟಿಲ ತುದಿಯತ್ತ ತಲೆಯೆತ್ತಿದರು. ಪೇಟವಿಲ್ಲದ ರಾಜ ತನ್ನ ಸಣ್ಣ ಕಣ್ಣುಗಳಿಂದ ಪಕ್ಕಕ್ಕೆ ನೋಡುತ್ತ ಉಂಗುರ ತೊಡುತ್ತಿದ್ದ. ಇಷ್ಟು ವರ್ಷ ಆ ಉಂಗುರವನ್ನು ಅವರು ಮದುವೆಯ ಉಂಗುರವೆಂದೇ ತಿಳಿದಿದ್ದರು. ಈಗ ತೊಡುತ್ತಿದ್ದಾನೋ ಕಳಚುತ್ತಿದ್ದಾನೋ ಗೊತ್ತಾಗಲಿಲ್ಲ. ಎಷ್ಟು ಜೋಡಿಗಳನ್ನು ಇವನ ಮುಂದೆ ಕೂರಿಸಿದೆ? ಎಷ್ಟು ಜನರಿಗೆ ಇವರ ಹಾಗೆ ಬಾಳಿ ಎಂದೆ? ಜಾನ್ವಿಯ ಒಂದು ಮಾತು ಬೇರೆಯಾಗಿ, ಸ್ಪಷ್ಟವಾಗಿ ಕೇಳಿಸಿತು. ಅಮ್ಮನ ಹತ್ರ ಮಾತಾಡಕ್ಕೆ ಬಿಡಲ್ಲ ಆಂಟಿ.

ಎದ್ದು ಹೋಗಿ ಹೊಲಿಗೆಯ ಮೆಷಿನ್ನಿನ ಡ್ರಾಯರಿನಿಂದ ಅಳತೆಯ ಪುಸ್ತಕವನ್ನು ತೆಗೆದರು. ಜಾನ್ವಿ ಎಂದು ಬರೆದ ಪುಟ. ಮೊದಲ ವರ್ಷ ಎದೆ ಮೂವತ್ತಾರು. ಎರಡನೆಯ ವರ್ಷ ಮೂವತ್ತನಾಲ್ಕು. ಈ ಯುಗಾದಿಗೆ ನಕುಲ್ ಅವಳ ರವಿಕೆಯೊಂದನ್ನು ತಾನೇ ತಂದುಕೊಟ್ಟು ಹೋಗಿದ್ದ, ಕಾಗದದ ಚೀಟಿಯಲ್ಲಿ ಅವಳ ಅಕ್ಷರ: ಮೂವತ್ತೊಂದೂವರೆ. ಅದರ ಪಕ್ಕದಲ್ಲಿ ಅನಸೂಯಮ್ಮನೇ ಸಣ್ಣದಾಗಿ ಬರೆದುಕೊಂಡಿದ್ದರು, ‘ಡಯೆಟ್?’ ಎಂದು.

"ಥೂ ನನ್ನ," ಎಂದರು. ಅಲ್ಲಿಗೇ ನಿಲ್ಲಿಸಿದರು.

ಜಾನ್ವಿಗೆ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಆ ನಂಬರಿನಿಂದಲೇ ಮೆಸೇಜು ಬಂತು. ಆಂಟಿ, ಶೀ ಈಸ್ ಬಿಜಿ. ಹ್ಯಾಪಿ ನವರಾತ್ರಿ. ಕೆಳಗೆ ನಕುಲ್ ಎಂದಿತ್ತು.

ಸುಬ್ಬು ಮೆಸೇಜನ್ನು ಎರಡು ಸಲ ಓದಿದರು. "ನಾನೇ ಅಲ್ವೇನೇ ಅವಳನ್ನ ವಾಪಸ್ ಬಿಟ್ಟು ಬಂದಿದ್ದು," ಎಂದರು. ಟರ್ನ್‌ಪೈಕ್ ಹೆದ್ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಿರಲಿಲ್ಲವಂತೆ. ಒಳ್ಳೆಯ ಶಾಂತ ಸ್ವಭಾವದ ಹುಡುಗಿ ಎಂದುಕೊಂಡಿದ್ದರಂತೆ.

ಕುಂಕುಮಕ್ಕೆ ಕರೆಯಲು ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ಧೈರ್ಯ ಯಾವ ಕನ್ನಡದವನಿಗೂ ಇಲ್ಲ ಎಂಬುದು ಅನಸೂಯಮ್ಮನಿಗೆ ಗೊತ್ತಿತ್ತು. ಶನಿವಾರ ಬೆಳಿಗ್ಗೆ ರೇಷ್ಮೆ ಸೀರೆಯುಟ್ಟು, ಬೆಳ್ಳಿಯ ಕುಂಕುಮ ಭರಣಿಯನ್ನು ಹಿಡಿದು, ಸುಬ್ಬುವಿನ ಜೊತೆ ಫೋರ್ಟ್ ಲೀಯ ಹದಿನಾರನೆಯ ಮಹಡಿಯ ಬಾಗಿಲು ತಟ್ಟಿದರು.

ಬಾಗಿಲು ತೆರೆದವನು ನಕುಲ್. "ಆಂಟಿ, ಅಂಕಲ್, ಏನಿದು, ಫೋನ್ ಮಾಡಿದ್ರೆ ಸಾಕಿತ್ತಲ್ಲ."

"ಮಾಡಿದ್ದೆನಪ್ಪ. ಕುಂಕುಮಕ್ಕೆ ಫೋನಲ್ಲಿ ಕರೀತಾರಾ? ಜಾನ್ವಿ ಎಲ್ಲಿ?"

"ಸ್ವಲ್ಪ ಹುಷಾರಿಲ್ಲ, ಮಲಗಿದಾಳೆ."

"ಎಲ್ಲಿ ಮಲಗಿದಾಳೋ ಅಲ್ಲೇ ಇಟ್ಟು ಬರ್ತೀನಿ," ಎಂದು ಅನಸೂಯಮ್ಮ ಚಪ್ಪಲಿ ಕಳಚಿ ಒಳಗೆ ನಡೆದೇಬಿಟ್ಟರು.

ಹಿಂದೆ ಹೊರಟ ನಕುಲ್‌ನ ಹೆಗಲ ಮೇಲೆ ಸುಬ್ಬು ಕೈ ಹಾಕಿದರು. "ಅಬ್ಬಾ, ಬ್ರಿಡ್ಜ್ ಏನ್ ಚೆನ್ನಾಗಿ ಕಾಣತ್ತಪ್ಪ ನಿಮ್ಮನೆಯಿಂದ. ಒಂದು ಮಾತು ಹೇಳು, ಬೆಳಿಗ್ಗೆ ಹೊತ್ತು ಮ್ಯಾನ್‌ಹ್ಯಾಟನ್‌ಗೆ ಹೋಗೋಕೆ ಬ್ರಿಡ್ಜಿನ ಮೇಲಿನ ಲೆವೆಲ್ ಬೇಗನಾ, ಕೆಳಗಿಂದಾ?" ನ್ಯೂಜೆರ್ಸಿಯ ಗಂಡಸರು ಎಂಥ ಅವಸರದಲ್ಲಿದ್ದರೂ ಈ ಪ್ರಶ್ನೆಗೆ ಉತ್ತರ ಹೇಳದೆ ಹೋಗುವುದಿಲ್ಲ.

ಒಳಗಿನ ಕೋಣೆಯಲ್ಲಿ ಜಾನ್ವಿ ಮಲಗಿರಲಿಲ್ಲ. ಮಂಚದ ಅಂಚಿನಲ್ಲಿ ನೆಟ್ಟಗೆ ಕುಳಿತಿದ್ದಳು. ಹೊಲಿಗೆಯವರ ಕಣ್ಣು ಅಳತೆಪಟ್ಟಿಯಿಲ್ಲದೆಯೇ ಅಳೆಯುತ್ತದೆ. ಅನಸೂಯಮ್ಮನ ಕಣ್ಣು ಅಳೆಯಿತು. ಮೂವತ್ತು. ಅದೂ ಇಲ್ಲವೇನೋ.

ಭರಣಿಯನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತರು. "ಕಳೆದ ವರ್ಷ ನಿಂಗೊಂದು ಮಾತು ಹೇಳಿದ್ದೆ."

"ಅಡ್ಜಸ್ಟ್ ಮಾಡ್ಕೋ ಅಂದಿದ್ರಿ. ಮಾಡ್ಕೊಂಡೆ ಆಂಟಿ." ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ಹೆಚ್ಚು ತಾಗಿತು.

"ತಪ್ಪು ಹೇಳಿದ್ದೆ. ಆ ರಾಜ ಯಾರು ಅಂತ ನಂಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಇದ್ರೂ ನಿನ್ನ ಮಾತು ಕೇಳಬೇಕಿತ್ತು, ಕೇಳ್ಲಿಲ್ಲ. ನಮ್ಮನೆಗೆ ಬರ್ತೀಯಾ? ಈಗಲೇ. ಏನೂ ತಗೋಬೇಡ, ಎಲ್ಲ ಅಲ್ಲಿದೆ. ಪಾಸ್‌ಪೋರ್ಟ್ ಒಂದು ಬೇಕು. ಅವನ ಹತ್ರ ಇದೆಯಾ?"

ಜಾನ್ವಿ ಬಗ್ಗಿ ಮಂಚದ ಕೆಳಗಿನಿಂದ ಒಂದು ಬಟ್ಟೆಯ ಚೀಲವನ್ನು ಎಳೆದಳು. ಅನಸೂಯಮ್ಮನಿಗೆ ಆ ಚೀಲದ ಗುರುತು ಹತ್ತಿತು. ಅವಳು ಒಳಗಿನ ಅಸ್ತರಿನ ಮೂಲೆಯನ್ನು ಮುಟ್ಟಿ ತೋರಿಸಿದಳು. ಬಟ್ಟೆಯ ಒಳಗೆ ಪುಟ್ಟ ಪುಸ್ತಕದಷ್ಟು ಗಟ್ಟಿಯಾದದ್ದೇನೋ ಇತ್ತು. ಸುತ್ತ ಒರಟು ಕೈಹೊಲಿಗೆ.

"ಇದನ್ನ ಯಾವಾಗ ಹೊಲಿದೆ?"

"ಕಳೆದ ವರ್ಷ. ನಿಮ್ಮನೆಗೆ ಬರೋ ಹಿಂದಿನ ದಿನ." ಜಾನ್ವಿ ಚೀಲದ ಮೇಲೆ ಕೈಯಿಟ್ಟಳು. "ಅವತ್ತೂ ಇದೇ ಚೀಲ ತಂದಿದ್ದೆ ಆಂಟಿ. ಎರಡು ಜೊತೆ ಬಟ್ಟೆ, ಪಾಸ್‌ಪೋರ್ಟು. ವಾಪಸ್ ಹೋಗಬಾರದು ಅಂತಾನೇ ಬಂದಿದ್ದೆ. ನೀವು ಮೇಲೆ ತಾಂಬೂಲ ಇಟ್ಟು ಕಳಿಸಿದ್ರಿ."

ಆ ತೆಂಗಿನಕಾಯಿ ಚೀಲದೊಳಗೆ ಇಳಿಯದೆ ಇದ್ದಾಗ, ಏನೇ ಇಷ್ಟೊಂದು ತುಂಬಿದೀಯ ಎಂದು ನಗುತ್ತ ತಾವು ಒತ್ತಿ ತುರುಕಿದ್ದು ಅನಸೂಯಮ್ಮನ ಕೈಗೆ ನೆನಪಾಯಿತು. ಒತ್ತಿದ್ದು ಈ ಬಟ್ಟೆಗಳನ್ನು. ಮುಚ್ಚಿದ್ದು ಈ ಪಾಸ್‌ಪೋರ್ಟನ್ನು. ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದು ಬೇರೆ ಯಾರದೋ ಎಂಬಂತೆ ನೋಡಿದರು. ಹೊರಗೆ ಸುಬ್ಬು ಬ್ರಿಡ್ಜು ಬಿಟ್ಟು ನದಿಯಡಿಯ ಟನೆಲ್ಲಿನ ವಿಷಯಕ್ಕೆ ಬಂದಿದ್ದರು.

"ಏಳು," ಎಂದರು ಕೊನೆಗೆ. ಚೀಲವನ್ನು ತಾವೇ ಎತ್ತಿಕೊಂಡರು.

ಹೊರಗಿನ ಹಾಲ್‌ನಲ್ಲಿ ನಕುಲ್ ಚೀಲವನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಜಾನ್ವಿನ ಕರ್ಕೊಂಡು ಹೋಗ್ತಿದೀನಪ್ಪ. ನಮ್ಮನೇಲಿರ್ತಾಳೆ," ಎಂದರು ಅನಸೂಯಮ್ಮ.

"ನನ್ನನ್ನ ಕೇಳ್ಲೇ ಇಲ್ವಲ್ಲ ಆಂಟಿ."

"ಈಗ ಹೇಳಿದೆನಲ್ಲ."

ಅವನು ದನಿ ಏರಿಸಲಿಲ್ಲ, ನಕ್ಕ. "ಜಾನ್ವಿ, ಯು ಡೋಂಟ್ ವಾಂಟ್ ಟು ಗೋ, ರೈಟ್?"

ಜಾನ್ವಿ ನೆಲದ ಮೇಲೆ ಕುಳಿತು ಶೂ ಹಾಕಿಕೊಳ್ಳುತ್ತಿದ್ದಳು. ಒಂದು ಲೇಸು ಕಟ್ಟಿ ಮುಗಿಸಿ, ಇನ್ನೊಂದನ್ನು ಕಟ್ಟಿ, ತಲೆಯೆತ್ತಿದಳು. "ಹೋಗ್ತೀನಿ. ನನ್ನ ಫೋನ್ ಕೊಡಿ."

ಅವನು ಕೊಡಲಿಲ್ಲ. ಆದರೆ ಸುಬ್ಬು ಬಾಗಿಲಿಗೂ ಅವನಿಗೂ ನಡುವೆ ನಿಂತು, ತಮ್ಮ ಫೋನನ್ನು ಕೈಯಲ್ಲಿ ಹಿಡಿದು, "ಹೋಗ್ಲಿ ಬಿಡಪ್ಪ, ಫೋನು ನಮ್ಮ ಹತ್ರಾನೂ ಇದೆ. ಪೊಲೀಸರ ನಂಬರು ಎಲ್ಲ ಫೋನಿಂದಲೂ ಒಂದೇ," ಎಂದರು. ಅಷ್ಟು ಮೃದುವಾಗಿ ಅವರು ಎಂದೂ ಮಾತಾಡಿದವರಲ್ಲ. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಯಾರೂ ಹಿಂದೆ ಬರಲಿಲ್ಲ.

ಕಾರು ಟರ್ನ್‌ಪೈಕ್ ಹತ್ತಿದಾಗ ಅನಸೂಯಮ್ಮ ತಮ್ಮ ಫೋನನ್ನು ಹಿಂದಿನ ಸೀಟಿಗೆ ಚಾಚಿದರು. "ಹಾಸನದಲ್ಲಿ ಈಗ ರಾತ್ರಿ ಊಟ ಮುಗಿದಿರತ್ತೆ. ಮಾಡು."

"ಅಮ್ಮಾ," ಎಂದಳು ಜಾನ್ವಿ. ಆಮೇಲೆ ನ್ಯೂಅರ್ಕ್ ವಿಮಾನ ನಿಲ್ದಾಣ ದಾಟುವವರೆಗೂ ಆ ಕಡೆಯ ದನಿಯೇ ಮಾತಾಡುತ್ತಿತ್ತು. ಏನಾಯ್ತೇ, ಎಲ್ಲಿದೀಯೇ, ಊಟ ಆಯ್ತೇನೇ. ಸುಬ್ಬು ಕನ್ನಡಿಯಲ್ಲಿ ಹಿಂದಕ್ಕೆ ನೋಡದಂತೆ ಎಚ್ಚರಿಕೆಯಿಂದ ಗಾಡಿ ಓಡಿಸಿದರು.

ಸಂಜೆ ಆರತಿಗೆ ಹೆಂಗಸರು ಬಂದಾಗ ಮೆಟ್ಟಿಲ ತುದಿಯಲ್ಲಿ ರಾಣಿ ಒಬ್ಬಳೇ ನಿಂತಿದ್ದಳು. ಸೀರೆಯಿಲ್ಲ. ಅವಳ ಮಾಡಿನಂಥ ತಲೆಯುಡುಗೆ, ಅವಳ ತೋಳು, ಅವಳ ಮುತ್ತು ಎಲ್ಲವೂ ಕಾಣುತ್ತಿದ್ದವು. ಹಣೆಗೆ ಹಿಂದಿನ ವರ್ಷಗಳ ಕುಂಕುಮದ ಕಲೆ. ರಾಜನನ್ನು ಪಕ್ಕದಲ್ಲಿ ಅಂಗಾತ ಮಲಗಿಸಿ ಕುತ್ತಿಗೆಯವರೆಗೆ ಶಲ್ಯ ಹೊದಿಸಿದ್ದರು.

"ಇದೇನು ಆಂಟಿ, ಇನ್ನೂ ಆರನೇ ದಿನ, ರಾಜನ್ನ ಆಗಲೇ ಮಲಗಿಸಿಬಿಟ್ಟಿದೀರಿ?" ಎಂದು ಯಾರೋ ಕೇಳಿದರು.

"ಈ ವರ್ಷ ಅವನಿಗೆ ಬೇಗ ನಿದ್ದೆ ಬಂತು," ಎಂದರು ಅನಸೂಯಮ್ಮ. ಕೋಸಂಬರಿ ಹಂಚುತ್ತಿದ್ದ ಆರಾಧ್ಯಾ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ಜಾನ್ವಿ ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಳು.

ಹೋಬೋಕನ್‌ನಿಂದ ಹೊಸ ಜೋಡಿಯೊಂದು ಬಂದಿತ್ತು. ಹುಡುಗಿಯ ಹೆಸರು ಅಕ್ಷತಾ. ಇಬ್ಬರನ್ನೂ ಮಣೆಯ ಮೇಲೆ ಕೂರಿಸಿದರು, ಆರತಿಯೂ ಆಯಿತು. ಅಕ್ಷತೆ ಹಿಡಿದ ಕೈ ಮೇಲೆತ್ತಿದಾಗ ಮೂವತ್ತೈದು ವರ್ಷ ಹೇಳಿದ ಮಾತು ಅನಸೂಯಮ್ಮನ ಬಾಯಿಗೆ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವರು ಒಮ್ಮೆ ರಾಣಿಯ ಕಡೆ ನೋಡಿ, ಬಗ್ಗಿ, ಹುಡುಗಿಯ ರವಿಕೆಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅಳತೆ ಸರಿಯಾಗಿತ್ತು.

"ಚೆನ್ನಾಗಿರಿ ಇಬ್ರೂ," ಎಂದು ಅಕ್ಷತೆ ಹಾಕಿದರು. ಆಮೇಲೆ ಹುಡುಗಿಗೆ ಮಾತ್ರ ಕೇಳುವಂತೆ ಹೇಳಿದರು: "ಇದು ಬಿಗಿಯಾದ್ರೆ ಬಾಮ್ಮ, ಹೊಲಿಗೆ ಬಿಚ್ಚಿಕೊಡ್ತೀನಿ. ಸಡಿಲ ಆದ್ರೆ ಮಾತ್ರ ಅವತ್ತೇ ಬಾ."